ಕೀ ಸೆಲ್ ಸತ್ತರೂ ಕಾರು ಸ್ಟಾರ್ಟ್ ಆಗುತ್ತದೆ

ಮೊನ್ನೆ ಚಾಮುಂಡಿ ಬೆಟ್ಟದ ಪಾರ್ಕಿಂಗ್‌ನಲ್ಲಿ ನಮ್ಮ ಕಾರಿನ ರಿಮೋಟ್ ಕೀ ಕೈಕೊಟ್ಟಿತು. ಎಷ್ಟು ಒತ್ತಿದರೂ ಬಾಗಿಲು ತೆರೆಯಲಿಲ್ಲ. ನೆತ್ತಿ ಸುಡುವ ಬಿಸಿಲು, ಕೈಯಲ್ಲಿ ಪ್ರಸಾದದ ಕವರ್ ಬೇರೆ!

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಸಾಮಾನ್ಯವಾಗಿ ರಿಮೋಟ್ ಒಳಗೇ ಸಣ್ಣ ಲೋಹದ ಕೀ ಅಡಗಿರುತ್ತದೆ. ಪಕ್ಕದ ಲಾಕ್ ಸರಿಸಿ ಎಳೆಯಿರಿ, ಡ್ರೈವರ್ ಬಾಗಿಲು ತೆಗೆಯಿರಿ. ಅಲಾರಂ ಕಿರುಚಿದರೆ ಸುಮ್ನೆ ಗಾಬರಿಯಾಗಬೇಡಿ. ಬ್ರೇಕ್ ತುಳಿದು (ಗೇರ್ ಗಾಡಿಯಾದರೆ ಕ್ಲಚ್ಚೂ), ಸತ್ತ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಒಳಗಿನ ಚಿಪ್‌ಗೆ ಸೆಲ್ ಬೇಕಿಲ್ಲ, ಹತ್ತಿರ ಹಿಡಿದರೆ ಕಾರೇ ಅದಕ್ಕೆ ಶಕ್ತಿ ಕೊಡುತ್ತದೆ. ಕೆಲವು ಕಾರುಗಳಲ್ಲಿ ರಿಮೋಟ್ ಇಡುವ ಜಾಗ ಬೇರೆ, ಮ್ಯಾನ್ಯುಯಲ್ ನೋಡಿಕೊಳ್ಳಿ.

ಸುಮಾರು ಕಾರುಗಳಿಗೆ ಸಿಆರ್2032 ಸೆಲ್. ನಾನಂತೂ ಬೆಟ್ಟ ಇಳಿದವನೇ ವಾಚ್ ಅಂಗಡಿಯಲ್ಲಿ ಎರಡು ತಗೊಂಡೆ. ಸ್ಪೇರ್ ಸೆಲ್ ಪರ್ಸಿನಲ್ಲಿರಲಿ, ಕಾರಿನೊಳಗಲ್ಲ!