ಮ್ಯೂನಿಕ್‌ನಲ್ಲಿ ಮನೆಗಿಂತ ಮುಂಚೆ ಏರಿಯಾ ಹುಡುಕಿದ್ವಿ: ನನ್ನ ಅನುಭವ

2023ರ ಸೆಪ್ಟೆಂಬರಲ್ಲಿ ನಾನು, ನನ್ನ ಹೆಂಡ್ತಿ, ಮೂರು ವರ್ಷದ ಮಗಳು, ಮೂರೂ ಜನ ಜರ್ಮನಿಗೆ ಬಂದಿಳಿದ್ವಿ. ನನ್ನ ಕೆಲಸ ಗಾರ್ಚಿಂಗಲ್ಲಿ, ಅದು ಮ್ಯೂನಿಕ್‌ನ ಉತ್ತರಕ್ಕಿರೋ ಸಣ್ಣ ಪಟ್ಟಣ, ಟೆಕ್ನಿಕಲ್ ಯೂನಿವರ್ಸಿಟಿಯ ದೊಡ್ಡ ಕ್ಯಾಂಪಸ್ಸು, ರಿಸರ್ಚ್ ಸೆಂಟರುಗಳೆಲ್ಲಾ ಅಲ್ಲೇ ಇರೋದು. ಬರೋಕೆ ಮುಂಚೆನೇ ಒಂದು ಮನೆ ಫಿಕ್ಸ್ ಮಾಡ್ಕೊಂಬಿಡಿ ಅಂತ ಸುಮಾರು ಜನ ಹೇಳಿದ್ರು. ನಾವು ಮಾಡ್ಲಿಲ್ಲ. ಕಾಣದ ಊರಲ್ಲಿ ವರ್ಷಗಟ್ಟಲೆ ಇರೋ ಜಾಗಾನ ಫೋಟೋ ನೋಡಿ ಒಪ್ಕೊಳ್ಳೋಕೆ ನನಗೆ ಧೈರ್ಯ ಬರ್ಲಿಲ್ಲ, ಅದ್ರಿಂದ ಮೊದಲ ಮೂರು ತಿಂಗಳಿಗೆ ಫರ್ನಿಷ್ಡ್ ಮನೆ ತಗೊಂಡು, ಆ ಮೂರು ತಿಂಗಳೂ ಏರಿಯಾ ನೋಡೋಕೆ ಅಂತಾನೇ ಇಟ್ಕೊಂಡ್ವಿ.

ಈ ತಾತ್ಕಾಲಿಕ ಮನೆ ವಿಷಯದಲ್ಲಿ ನಾನು ಪಟ್ಟುಹಿಡಿದು ಕೇಳಿದ್ದು ಒಂದೇ ಪ್ರಶ್ನೆ, ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡ್ಕೋಬಹುದಾ ಅಂತ. ಆನ್‌ಮೆಲ್ಡುಂಗ್ ಅಂದ್ರೆ ಮನೆಗೆ ಬಂದ ಎರಡು ವಾರದೊಳಗೆ ಸರ್ಕಾರಿ ಆಫೀಸಲ್ಲಿ ವಿಳಾಸ ರಿಜಿಸ್ಟರ್ ಮಾಡ್ಸೋದು, ಅದಕ್ಕೆ ಮನೆ ಓನರ್ ಸಹಿ ಹಾಕಿದ ಒಂದು ಹಾಳೆ ಬೇಕೇ ಬೇಕು. ಆ ರಿಜಿಸ್ಟ್ರೇಷನ್ ಆದ್ಮೇಲೇನೇ ಟ್ಯಾಕ್ಸ್ ನಂಬರ್ ಪೋಸ್ಟಲ್ಲಿ ಬರೋದು. ಆ ನಂಬರ್ ಆಫೀಸಿಗೆ ಕೊಡದೆ ಇದ್ರೆ ನಿಮ್ಮನ್ನ ಟ್ಯಾಕ್ಸ್ ಕ್ಲಾಸ್ 6ಕ್ಕೆ ಹಾಕಿ ಸಂಬಳದಲ್ಲಿ ಜಾಸ್ತಿ ಹಿಡಿಯೋ ಚಾನ್ಸ್ ಇರತ್ತೆ, ಆ ದುಡ್ಡು ಆಮೇಲೆ ವಾಪಸ್ ಬರತ್ತೆ ನಿಜ, ಆದ್ರೆ ಅಡ್ವಾನ್ಸು, ಸಾಮಾನು ಅಂತ ನೀರಿನ ಹಾಗೆ ಖರ್ಚಾಗೋದು ಅದೇ ಮೊದಲ ತಿಂಗಳುಗಳಲ್ಲಿ. ರಿಜಿಸ್ಟರ್ ಮಾಡ್ಸೋಕಾಗಲ್ಲ ಅಂದ ಎರಡು ಅಗ್ಗದ ಮನೆ ಅಲ್ಲೇ ಬಿಟ್ವಿ.

ಇನ್ನು ಏರಿಯಾ. ಮೊದ್ಲು ನನ್ನ ತಲೇಲಿ ಇದ್ದಿದ್ದು ಡಾಖಾವ್, ಮ್ಯೂನಿಕ್‌ನ ವಾಯವ್ಯಕ್ಕಿರೋ ಇನ್ನೊಂದು ಪಟ್ಟಣ. ಮ್ಯಾಪಲ್ಲಿ ಡಾಖಾವಿಂದ ಗಾರ್ಚಿಂಗಿಗೆ ಗೆರೆ ಎಳೆದ್ರೆ ಇಲ್ಲೇ ಪಕ್ಕದಲ್ಲೇ ಅನ್ಸತ್ತೆ. ಆದ್ರೆ ಮ್ಯೂನಿಕ್‌ನ ಎಸ್-ಬಾನ್ ಅಂದ್ರೆ ಲೋಕಲ್ ರೈಲಿನ ಲೈನುಗಳು ಚಕ್ರದ ಕಡ್ಡಿಗಳ ಥರ, ಹೆಚ್ಚುಕಮ್ಮಿ ಎಲ್ಲಾ ಲೈನೂ ಮ್ಯೂನಿಕ್‌ನ ನಡುಮಧ್ಯಕ್ಕೆ ಹೋಗಿ ಸೇರ್ತವೆ, ಹೊರಗಿನ ಒಂದು ಊರಿಂದ ಇನ್ನೊಂದು ಊರಿಗೆ ಅಡ್ಡಡ್ಡ ರೈಲೇ ಇಲ್ಲ. ಡಾಖಾವಿಂದ ಎಸ್2 ಹತ್ತಿ ಮಾರಿಯೆನ್‌ಪ್ಲಾಟ್ಸ್ ತನಕ ಒಳಗೆ ಬಂದು, ಅಲ್ಲಿ ಯು6 ಮೆಟ್ರೋ ಹಿಡಿದು ಮತ್ತೆ ಉತ್ತರಕ್ಕೆ ಪೂರ್ತಿ ಹೊರಗೆ ಹೋಗ್ಬೇಕು. ಅದೂ ಅಲ್ದೆ ಆ ಎಸ್-ಬಾನ್ ಲೈನುಗಳೆಲ್ಲಾ ಊರೊಳಗೆ ಸ್ಟಾಮ್‌ಸ್ಟ್ರೆಕೆ ಅನ್ನೋ ಒಂದೇ ಸುರಂಗದಲ್ಲಿ ಒಂದರ ಹಿಂದೆ ಒಂದು ಹೋಗ್ತವೆ, ಅಲ್ಲಿ ಏನಾದ್ರೂ ತೊಂದರೆ ಆದ್ರೆ ಅದರ ಬಿಸಿ ಎಲ್ಲಾ ಲೈನಿಗೂ ತಟ್ಟತ್ತೆ, ಎರಡನೇ ಸುರಂಗದ ಕೆಲಸ 2017ರಲ್ಲಿ ಶುರುವಾಗಿದ್ರೂ ಮುಗಿಯೋಕೆ ಇನ್ನೂ ಸುಮಾರು ವರ್ಷ ಬೇಕು. ಇಷ್ಟು ಗೊತ್ತಾದ್ಮೇಲೆ ಕಿಲೋಮೀಟರ್ ಲೆಕ್ಕ ಬಿಟ್ಟೆ. ಯು6 ಲೈನಿನ ಸ್ಟೇಷನ್ನುಗಳನ್ನ ಒಂದು ಹಾಳೆ ಮೇಲೆ ಬರ್ಕೊಂಡೆ, ಈ ದಾರದಲ್ಲಿ ಪೋಣಿಸಿರೋ ಜಾಗ ಮಾತ್ರ ನೋಡೋದು ಅಂತ.

ಆ ವರ್ಷ ಮೇನಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಶುರುವಾಗಿತ್ತು, ತಿಂಗಳಿಗೆ 49 ಯೂರೋಗೆ ದೇಶದ ಯಾವ ಊರಲ್ಲಾದ್ರೂ ಬಸ್ಸು, ಮೆಟ್ರೋ, ಲೋಕಲ್ ರೈಲು ಹತ್ತಬಹುದು (ಈಗ ರೇಟ್ ಜಾಸ್ತಿಯಾಗಿದೆ). ಮನೆ ನೋಡೋಕೆ ಹೋಗೋ ಮುಂಚೆ ಆ ಟಿಕೆಟ್ ಇಟ್ಕೊಂಡು ಪ್ರತಿ ಸ್ಟೇಷನ್ನಿಗೂ ಎರಡು ಸಲ ಹೋದೆ, ಒಂದ್ಸಲ ವಾರದ ದಿನ ಬೆಳಗ್ಗೆ ಏಳೂವರೆಗೆ, ಇನ್ನೊಂದ್ಸಲ ಸಂಜೆ ಕತ್ತಲಾದ್ಮೇಲೆ. ಭಾನುವಾರ ಮಧ್ಯಾಹ್ನ ಬಿಸಿಲಲ್ಲಿ ಎಲ್ಲಾ ಏರಿಯಾನೂ ಚೆನ್ನಾಗೇ ಕಾಣತ್ತೆ. ಡಿಸೆಂಬರಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲಾ ಕತ್ತಲೆ, ಆಗ ಸ್ಟೇಷನ್ನಿಂದ ಮನೆ ತನಕದ ಹತ್ತು ನಿಮಿಷದ ದಾರಿ ಹೇಗಿರತ್ತೆ, ದೀಪ ಇದ್ಯಾ, ಜನ ಓಡಾಡ್ತಾರಾ, ಅದು ನನಗೆ ಮುಖ್ಯ ಯಾಕಂದ್ರೆ ಆ ದಾರೀಲಿ ಮಗಳನ್ನ ಕರ್ಕೊಂಡು ಒಬ್ಬಳೇ ಬರೋಳು ನನ್ನ ಹೆಂಡ್ತಿ. ಹೀಗೆ ಓಡಾಡಿದ್ರಿಂದಲೇ ಇನ್ನೊಂದೂ ಗೊತ್ತಾಯ್ತು, ಉತ್ತರಕ್ಕೆ ಹೋಗೋ ಯು6 ಎಲ್ಲಾನೂ ಗಾರ್ಚಿಂಗ್ ತನಕ ಹೋಗಲ್ಲ, ಕೆಲವು ಫ್ರೊಟ್‌ಮಾನಿಂಗಲ್ಲೇ ನಿಂತುಬಿಡ್ತವೆ. ಆ ಸ್ಟೇಷನ್ ಪಕ್ಕದಲ್ಲೇ 75,000 ಜನ ಹಿಡಿಸೋ ಅಲಿಯಾನ್ಸ್ ಅರೆನಾ ಇದೆ, ಫುಟ್‌ಬಾಲ್ ಮ್ಯಾಚ್ ಇರೋ ಸಂಜೆ ಟ್ರೈನಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಗಾರ್ಚಿಂಗಲ್ಲೇ ಇದ್ದುಬಿಡೋಣ ಅಂತ ನನಗಿತ್ತು, ಆಫೀಸಿಗೆ ಸೈಕಲ್ಲಲ್ಲಿ ಹೋಗಬಹುದಿತ್ತು. ಹೆಂಡ್ತಿ ಒಪ್ಪಲಿಲ್ಲ. ನಿಮಗೆ ಆಫೀಸು, ಜನ ಎಲ್ಲಾ ಇದಾರೆ, ನಾನು ದಿನಾ ಭಾಷೆ ಕ್ಲಾಸಿಗೆ ಊರೊಳಗೆ ಹೋಗ್ಬೇಕು, ನನ್ನ ದಿನ ಹೇಗೆ ಕಳೆಯತ್ತೆ ಅಂತ ಒಂಚೂರು ಯೋಚಿಸ್ರಿ ಅಂದ್ಳು. ಅವಳು ಹೇಳಿದ್ದು ಪೂರ್ತಿ ಸರಿ. ಕೆಲಸ ಇರೋರಿಗೆ ಎಲ್ಲಿದ್ರೂ ದಿನ ಕಳೆಯತ್ತೆ, ಜೊತೆಗೆ ಬಂದೋರಿಗೆ ಮನೆ ಇರೋ ಜಾಗಾನೇ ಇಡೀ ದೇಶ. ಅಲ್ಲಿಂದ ಹುಡುಕಾಟ ನಡುವಿನ ಸ್ಟೇಷನ್ನುಗಳ ಕಡೆ ತಿರುಗಿ ಫ್ರೈಮಾನ್‌ಗೆ ಬಂದು ನಿಲ್ತು, ಅಲ್ಲಿಂದ ನನ್ನ ಆಫೀಸಿಗೂ ಕಾಲು ಗಂಟೆ ಆಸುಪಾಸು, ಅವಳ ಕ್ಲಾಸಿಗೂ ಹೆಚ್ಚುಕಮ್ಮಿ ಅಷ್ಟೇ. ಎ9 ಹೈವೇ ಹತ್ತಿರ ಇರೋದ್ರಿಂದ ಕೆಲವು ಬೀದೀಲಿ ಸದ್ದು ಇದೆ, ಅದಕ್ಕೆ ಪ್ರತಿ ಮನೇಲೂ ಬೆಡ್‌ರೂಮ್ ಕಿಟಕಿ ತೆಗೆದು ಎರಡು ನಿಮಿಷ ಸುಮ್ನೆ ನಿಂತು ಕೇಳಿಸ್ಕೊಂಡ್ವಿ.

ಮಗುವಿನ ಕಿಂಡರ್‌ಗಾರ್ಟನ್ ಸೀಟಿಗೆ ಇಲ್ಲಿ ಕಾನೂನಿನ ಹಕ್ಕಿದೆ, ಆದ್ರೆ ಪಕ್ಕದ ಬೀದಿಯದ್ದೇ ಸಿಗತ್ತೆ ಅಂತಿಲ್ಲ, ಮತ್ತೆ ಗಾರ್ಚಿಂಗ್ ಬೇರೆ ಮುನಿಸಿಪಾಲಿಟಿ, ಮ್ಯೂನಿಕ್ ಬೇರೆ, ಎಲ್ಲಿ ವಿಳಾಸಾನೋ ಅಲ್ಲಿ ಅರ್ಜಿ. ಅದಕ್ಕೇ ಏರಿಯಾ ತೀರ್ಮಾನ ಆದ ದಿನಾನೇ ಅರ್ಜಿ ಹಾಕಿ, ಸುತ್ತಮುತ್ತ ಇದ್ದ ನಾಲ್ಕು ಕಡೆ ಖುದ್ದಾಗಿ ಹೋಗಿ ಮಾತಾಡಿಸಿ ಬಂದ್ವಿ.

ಮನೆ ಹುಡುಕೋ ಕಷ್ಟ ಎಲ್ಲರಿಗೂ ಇದ್ದಿದ್ದೇ, ಜಾಸ್ತಿ ಬರೆಯಲ್ಲ. ಎರಡು ತ್ಸಿಮ್ಮರ್ ಅಂದ್ರೆ ಹಾಲ್ ಸೇರಿ ಎರಡೇ ರೂಮು, ಬೆಡ್‌ರೂಮ್ ಒಂದೇ. ಕಾಲ್ಟ್‌ಮೀಟೆ ಅಂದ್ರೆ ಬರೀ ಬಾಡಿಗೆ, ವಾರ್ಮ್‌ಮೀಟೆಲಿ ಹೀಟಿಂಗು, ನೀರು ಎಲ್ಲಾ ಸೇರತ್ತೆ, ಕರೆಂಟ್ ಬಿಲ್ ಸಾಮಾನ್ಯವಾಗಿ ಬೇರೆ. ಮನೆ ಓನರ್ ಅಂತ ಹೇಳ್ಕೊಂಡ ಒಬ್ಬ, ನಾನು ವಿದೇಶದಲ್ಲಿದೀನಿ, ಅಡ್ವಾನ್ಸ್ ಕಳಿಸಿದ್ರೆ ಬೀಗದ ಕೈ ಕೊರಿಯರ್ ಮಾಡ್ತೀನಿ ಅಂದ, ಅಲ್ಲಿಗೇ ಮಾತು ನಿಲ್ಲಿಸಿದೆ, ಮನೆ ಒಳಗೆ ಕಾಲಿಡದೆ ಒಂದು ಪೈಸೆನೂ ಕೊಡಬೇಡಿ ದಯವಿಟ್ಟು.

ಅಗ್ರಿಮೆಂಟಲ್ಲಿ ನಾನು ತುಂಬಾ ಹುಷಾರಾಗಿ ನೋಡಿದ್ದು ಬಿಟ್ಟು ಹೋಗೋ ಷರತ್ತು. ಸಾಮಾನ್ಯವಾಗಿ ಬಾಡಿಗೆದಾರ ಮೂರು ತಿಂಗಳ ನೋಟಿಸ್ ಕೊಟ್ಟು ಖಾಲಿ ಮಾಡಬಹುದು. ಆದ್ರೆ ಇಷ್ಟು ವರ್ಷ ನೋಟಿಸ್ ಕೊಡಲ್ಲ ಅಂತ ಇಬ್ಬರೂ ಒಪ್ಪಿ ಸಹಿ ಹಾಕೋ ಷರತ್ತೂ ಇರತ್ತೆ, ನಾಲ್ಕು ವರ್ಷದ ತನಕ ಹಾಕಬಹುದು. ನಮಗೆ ಬಹಳ ಇಷ್ಟ ಆಗಿದ್ದ ಒಂದು ಮನೇಲಿ ಎರಡು ವರ್ಷ ಅಂತ ಇತ್ತು. ಹೊಸ ದೇಶ, ನನ್ನ ಪ್ರೊಬೇಷನ್ನೇ ಮುಗಿದಿಲ್ಲ, ಬೇಡ ಅಂದ್ವಿ, ಹೆಂಡ್ತಿಗೆ ಆ ದಿನ ತುಂಬಾ ಬೇಜಾರಾಗಿತ್ತು.

ಕೊನೆಗೆ ಸಿಕ್ಕಿದ್ದು ಅದಕ್ಕಿಂತ ಸಣ್ಣದು, ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆ, ಕಾನೂನು ಪ್ರಕಾರ ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ, ಮೂರು ಕಂತಲ್ಲಿ ಕೊಡೋ ಹಕ್ಕೂ ಇದೆ, ಹಾಗೇ ಕೊಟ್ವಿ. ಅಡುಗೆಮನೇಲಿ ಸಿಂಕು, ಸ್ಟೋವ್, ಕಪಾಟು ಎಲ್ಲಾ ಹಳೇ ಬಾಡಿಗೆದಾರರದ್ದು, ದುಡ್ಡು ಕೊಟ್ಟು ಅವರ ಹತ್ರಾನೇ ತಗೊಂಡ್ವಿ, ಇಲ್ದಿದ್ರೆ ಖಾಲಿ ಗೋಡೆ, ನಲ್ಲಿ ಪೈಪು ಅಷ್ಟೇ ಇರ್ತಿತ್ತು. ಜನವರೀಲಿ ಮನೆ ಸೇರಿದ್ವಿ, ಮಗಳಿಗೆ ಮಾರ್ಚಲ್ಲಿ ಸೀಟ್ ಸಿಕ್ತು. ಈಗ ಬೆಳಗ್ಗೆ ಮಗಳನ್ನ ನಡೆಸ್ಕೊಂಡು ಹೋಗಿ ಬಿಟ್ಟು, ನಾನೂ ಹೆಂಡ್ತಿನೂ ಒಟ್ಟಿಗೆ ಸ್ಟೇಷನ್ನಿಗೆ ಬರ್ತೀವಿ, ನಾನು ಉತ್ತರಕ್ಕೆ ಹೋಗೋ ಯು6 ಹತ್ತೀನಿ, ಅವಳು ದಕ್ಷಿಣಕ್ಕೆ ಹೋಗೋದು.