ಬೇಸಿಗೇಲಿ ಬೆಟ್ಟ ಹತ್ತೋರಿಗೆ: ಮುಷ್ಟಿ ಲೆಕ್ಕ

ಮಾರ್ಚ್-ಏಪ್ರಿಲ್‌ನಲ್ಲಿ ತುಮಕೂರು ಜಿಲ್ಲೆಯ ದೇವರಾಯನದುರ್ಗ, ಸಿದ್ಧರಬೆಟ್ಟ ಕಡೆ ಹೋಗೋರು ಬೆಳಗ್ಗೆ ಹತ್ತೋಕೆ ಪಡುವಣ ಮಗ್ಗುಲಿನ ಹಾದಿ ಹಿಡೀರಿ, ಆ ಹೊತ್ತಲ್ಲಿ ಅಲ್ಲಿ ಬೆಟ್ಟದ ನೆರಳೇ ಇರುತ್ತೆ. ಬಿಸಿಲು ಬೀಳೋ ಹೊತ್ತನ್ನ ಮುಷ್ಟಿಯಲ್ಲೇ ಅಳೀರಿ. ಬುಡದಲ್ಲಿ ಬೆಟ್ಟಕ್ಕೆ ಮುಖ ಮಾಡಿ ನಿಂತು, ಕೈ ನೀಟಾಗಿ ಮುಂದೆ ಚಾಚಿ, ಕಣ್ಣಿನ ಮಟ್ಟದಿಂದ ಬೆಟ್ಟದ ನೆತ್ತಿವರೆಗೆ ಮುಷ್ಟಿ ಮೇಲೆ ಮುಷ್ಟಿ ಇಟ್ಟು ಎಣಿಸಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ಸೂರ್ಯ ಅಷ್ಟು ಏರೋಕೆ 40 ನಿಮಿಷ ಬೇಕು. ಮೂರು ಮುಷ್ಟಿ ಬಂದ್ರೆ, 6:20ಕ್ಕೆ ಹೊತ್ತು ಹುಟ್ಟಿದ್ರೂ ನಿಮ್ಮ ಹಾದಿಗೆ ಬಿಸಿಲು ಬರೋದು 8:20ರ ಹೊತ್ತಿಗೆ. ಅಲ್ಲಿವರೆಗೆ ಬಂಡೆ ರಾತ್ರಿಯ ತಂಪಲ್ಲೇ ಇರುತ್ತೆ. ಮೂಡಣ ಮಗ್ಗುಲಿನ ಬಂಡೆ ಮಾತ್ರ ಹುಟ್ಟಿದ ಬಿಸಿಲಿಗೇ ಕಾಯೋಕೆ ಶುರು, ಹಾಗಾಗಿ ಇಳಿಯೋಕೂ ಆ ಕಡೆ ಬೇಡ, ಹತ್ತಿದ ಹಾದೀಲೇ ವಾಪಸ್ ಬನ್ನಿ. ಹಾದಿ ಬೆಟ್ಟದ ಬೆನ್ನಿನ (ಏಣಿನ) ಮೇಲೇ ಹೋಗ್ತಿದ್ರೆ, ಇಲ್ಲಾ ಇಳಿಜಾರು ತೀರಾ ಕಮ್ಮಿ ಇದ್ರೆ ಈ ಲೆಕ್ಕ ಕೈಕೊಡುತ್ತೆ. ಏಪ್ರಿಲ್ ಕೊನೇ ವಾರದ ಮಧ್ಯಾಹ್ನವಂತೂ ನಮ್ಮ ಕಡೆ ಸೂರ್ಯ ನೆಟ್ಟಗೆ ನೆತ್ತಿ ಮೇಲೆ, ಯಾವ ಮಗ್ಗುಲಲ್ಲೂ ನೆರಳಿಲ್ಲ. ಸಂಜೆ ಮೂಡಣದಿಂದ ಹತ್ತಿದ್ರೆ ನೆರಳೇನೋ ಸಿಗುತ್ತೆ, ಆದ್ರೆ ಆ ಕಡೆ ಬೇಗ ಕತ್ತಲಾಗುತ್ತೆ. ದೇವರಾಯನದುರ್ಗದ ಕಾಡಲ್ಲಿ ಚಿರತೆ ಇವೆ, ನನ್ನ ಕೇಳಿದ್ರೆ ಬೇಡವೇ ಬೇಡ. ಇಳಿಯುವಾಗ ಬಂಡೆ ಮೇಲಿನ ತರಗೆಲೆ ಜಾರುತ್ತೆ, ಕಾಲಲ್ಲಿ ಸರಿಸಿ ಹೆಜ್ಜೆ ಇಡಿ. ಬೀಡಿ-ಸಿಗರೇಟು ಗಾಡೀಲೇ ಬಿಟ್ಟು ಹೋಗಿ, ಈ ತಿಂಗಳುಗಳಲ್ಲಿ ಬಾದೆಹುಲ್ಲಿಗೆ ಒಂದು ಕಿಡಿ ಸಾಕು.