ತುಮಕೂರಲ್ಲಿ ಸೈಟ್ ತಗೊಂಡು ಮನೆ ಕಟ್ಟೋರು ಅಡ್ವಾನ್ಸ್ ಕೊಡೋಕೆ ಮುಂಚೆ ಏನೇನು ನೋಡ್ಬೇಕು

ನಮ್ಮ ಚಿಕ್ಕಪ್ಪ ರಿಟೈರ್ ಆದ ದುಡ್ಡಲ್ಲಿ ಗುಬ್ಬಿ ರೋಡ್ ಕಡೆ ಒಂದು 30×40 ಸೈಟ್ ತಗೊಂಡ್ರು, ರಿಜಿಸ್ಟ್ರೇಷನ್ ಆಯ್ತು, ಗುದ್ದಲಿ ಪೂಜೆನೂ ಆಯ್ತು, ಆಮೇಲೆ ಪ್ಲಾನ್ ಕೊಡೋಕೆ ಹೋದಾಗ ಗೊತ್ತಾಯ್ತು, ಮಾಸ್ಟರ್ ಪ್ಲಾನಲ್ಲಿ (ಊರು ಮುಂದೆ ಹೇಗೆ ಬೆಳೀಬೇಕು ಅನ್ನೋ ಸರ್ಕಾರಿ ನಕ್ಷೆ) ಒಂದು ರಸ್ತೆ ಆ ಸೈಟಿನ ಮುಂಭಾಗದ ಮೇಲೇ ಹಾದುಹೋಗಿದೆ ಅಂತ. ಅಲ್ಲಿ ನಿಂತು ನೋಡಿದ್ರೆ ರಸ್ತೆ ಎಲ್ಲಿದೆ, ಬರೀ ರಾಗಿ ಹೊಲ. ಆದ್ರೂ ಆ ಗೆರೆಗೆ 11 ಅಡಿ ಬಿಡ್ಲೇಬೇಕಾಯ್ತು, ಎರಡು ಬೆಡ್‌ರೂಮ್ ಅಂದ್ಕೊಂಡಿದ್ದ ಮನೆ ಒಂದು ಬೆಡ್‌ರೂಮಿಗೆ ಬಂತು. ಕೊಳ್ಳೋಕೆ ಮುಂಚೆ ಒಂದು ಬೆಳಗ್ಗೆ ಹೋಗಿ ವಿಚಾರಿಸಿದ್ರೆ ಗೊತ್ತಾಗ್ತಿದ್ದ ವಿಷಯ ಇದು. ಬೇರೆಯವರಿಗೆ ಹೀಗಾಗಬಾರದು ಅಂತಾನೇ ಬರೀತಿದ್ದೀನಿ.

ಮೊದಲು ಇದೊಂದು ತಲೇಲಿ ಇಟ್ಕೊಳ್ಳಿ, ಇಲ್ಲಿ ಪ್ರಶ್ನೆಗಳು ಎರಡು, ಆಫೀಸೂ ಎರಡು. ಜಾಗ ಯಾತಕ್ಕೆ ಬಳಸಬಹುದು ಅಂತ ಹೇಳೋದು ಟೂಡಾ, ಅಂದ್ರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ. ಆ ಜಾಗದಲ್ಲಿ ಕಟ್ಟಡ ಹೇಗೆ ನಿಲ್ಲಬೇಕು ಅಂತ ನೋಡಿ ಲೈಸೆನ್ಸ್ ಕೊಡೋದು ಮಹಾನಗರ ಪಾಲಿಕೆ. ಜನ ನೇರವಾಗಿ ಎರಡನೇದಕ್ಕೆ ಹೋಗ್ತಾರೆ, ಅಲ್ಲೇ ಎಡವೋದು.

ಝೋನ್, ಅಂದ್ರೆ ಜಾಗ ಯಾವ ಬಳಕೆಗೆ ಅಂತ ಗುರುತಾಗಿದೆ ಅನ್ನೋದು, ನೋಡೋದು ಹೇಗೆ ಅಂದ್ರೆ, ಸೈಟಿನ ಸರ್ವೆ ನಂಬರ್ ಮತ್ತೆ ಗ್ರಾಮದ ಹೆಸರು ಬೇಕು. ಫೋನಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡು ಸೈಟಲ್ಲೇ ನಿಂತ್ರೆ ನೀವು ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸುತ್ತೆ, ಮಾರೋರು ಹೇಳಿದ ನಂಬರ್ರಿಗೂ ಅದಕ್ಕೂ ತಾಳೆ ಆಗ್ಬೇಕು. ಆ ನಂಬರ್ ಹಿಡ್ಕೊಂಡು ಟೂಡಾಗೆ ಹೋಗಿ ಮಾಸ್ಟರ್ ಪ್ಲಾನ್ ನಕ್ಷೆ ನೋಡಿ. ಸಾಮಾನ್ಯವಾಗಿ ಹಳದಿ ಅಂದ್ರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಬಳಕೆ, ಹಸಿರು ಪಾರ್ಕು ಬಯಲು. ಬಣ್ಣ ನೋಡಿ ಖುಷಿಯಾಗಿ ವಾಪಸ್ ಬರಬೇಡಿ, ರಸ್ತೆ ಗೆರೆ ಹಾದಿದ್ಯಾ, ಕೆರೆ ಅಥವಾ ರಾಜಕಾಲುವೆ ಬಫರ್ (ಕಟ್ಟಡ ಕಟ್ಟದೇ ಬಿಡಬೇಕಾದ ಅಂಚಿನ ಜಾಗ) ಒಳಗೆ ಬರುತ್ತಾ, ಇದನ್ನೂ ಕೇಳಿ, ಸಾಧ್ಯ ಆದ್ರೆ ಅರ್ಜಿ ಕೊಟ್ಟು ಬರಹದಲ್ಲಿ ತಗೊಳ್ಳಿ, ಬಾಯಿಮಾತು ನಾಳೆ ಕೆಲಸಕ್ಕೆ ಬರಲ್ಲ. ಕ್ಯಾತ್ಸಂದ್ರ, ಬಟವಾಡಿ, ಅಂತರಸನಹಳ್ಳಿ ಕಡೆ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಅಂಟಿಕೊಂಡ ಜಾಗ ನೋಡ್ತಿದ್ರೆ ಹೆದ್ದಾರಿಯ ಬಿಲ್ಡಿಂಗ್ ಲೈನ್ (ಅದರಿಂದ ಈಚೆಗೆ ಮಾತ್ರ ಕಟ್ಟಬಹುದು ಅನ್ನೋ ಗೆರೆ) ಬೇರೆ ಇರುತ್ತೆ, ಅದನ್ನೂ ವಿಚಾರಿಸಿ.

ಬೋರ್ಡಲ್ಲಿ ದೊಡ್ಡದಾಗಿ ಡಿಸಿ ಕನ್ವರ್ಟೆಡ್ ಅಂತ ಬರೆದಿರ್ತಾರೆ. ಕನ್ವರ್ಷನ್ ಅಂದ್ರೆ 1964ರ ಭೂ ಕಂದಾಯ ಕಾಯ್ದೆ ಸೆಕ್ಷನ್ 95ರ ಕೆಳಗೆ ವ್ಯವಸಾಯದ ಜಮೀನನ್ನ ಬೇರೆ ಬಳಕೆಗೆ ಬಿಟ್ಟುಕೊಡೋದು, ಅಷ್ಟೇ. ಆರ್ಡರಲ್ಲಿ ಯಾವ ಉದ್ದೇಶಕ್ಕೆ ಅಂತ ಬರೆದಿರುತ್ತೆ, ಕೈಗಾರಿಕೆಗೆ ಅಂತ ಇದ್ರೆ ಅಲ್ಲಿ ಮನೆ ಕಟ್ಟೋಕೆ ಆಗಲ್ಲ. ಕನ್ವರ್ಷನ್ ಬೇರೆ, ಲೇಔಟ್ ಅಪ್ರೂವಲ್ ಬೇರೆ, ಎರಡೂ ಇರ್ಬೇಕು. ಅಪ್ರೂವ್ಡ್ ಲೇಔಟ್ ಪ್ಲಾನ್ ಕೈಯಲ್ಲಿ ಹಿಡ್ಕೊಂಡು ನಿಮ್ಮ ಸೈಟ್ ನಂಬರ್ ಅದರಲ್ಲಿ ಹುಡುಕಿ, ಪಾರ್ಕಿಗೋ ಸಿಎ ಸೈಟಿಗೋ (ಸ್ಕೂಲು, ಆಸ್ಪತ್ರೆ ಥರ ಸಾರ್ವಜನಿಕ ಸೌಕರ್ಯಕ್ಕೆ) ಬಿಟ್ಟ ಜಾಗವನ್ನ ತುಂಡು ಮಾಡಿ ಮಾರಿರೋದೂ ಉಂಟು.

ಪಾಲಿಕೆ ಗಡಿ ದಾಟಿ ಪಂಚಾಯ್ತಿಯಲ್ಲಿದ್ರೆ ಪಂಚಾಯ್ತಿ ಕೊಡೋ ಆಸ್ತಿ ದಾಖಲೆಗಳಾದ ಫಾರಂ 9 ಮತ್ತೆ 11ಎ ಕೇಳಿ, 11ಬಿ ಮಾತ್ರ ಇದೆ ಅಂದ್ರೆ ಅದು ಅನುಮೋದನೆ ಇಲ್ಲದ ಜಾಗ. ಪಾಲಿಕೆ ಒಳಗೆ ಎ ಖಾತಾ (ಅನುಮೋದನೆ ಇರೋ ಆಸ್ತಿಗೆ), ಬಿ ಖಾತಾ (ಅನುಮೋದನೆ ಇಲ್ಲದ್ದಕ್ಕೆ) ಅಂತ. 2025ರಲ್ಲಿ ಸರ್ಕಾರ ಅಭಿಯಾನ ಮಾಡಿ ತುಂಬಾ ಜನಕ್ಕೆ ಬಿ ಖಾತಾ ಕೊಡ್ತಲ್ಲ, ಅದು ಸಿಕ್ಕ ತಕ್ಷಣ ಎಲ್ಲ ಸಕ್ರಮ ಆಯ್ತು ಅಂತ ನಮ್ಮ ಓಣೀಲೇ ನಾಲ್ಕು ಜನ ನಂಬಿದ್ದಾರೆ. ಅದು ಕಂದಾಯ ಕಟ್ಟಿಸ್ಕೊಳ್ಳೋಕೆ ಇರೋ ದಾಖಲೆ, ಅದನ್ನೇ ಮನೆ ಕಟ್ಟೋ ಪರ್ಮಿಷನ್ ಅಂದ್ಕೋಬೇಡಿ.

ಇನ್ನು ಪ್ಲಾನ್. ಸೆಟ್‌ಬ್ಯಾಕ್, ಎಫ್‌ಎಆರ್ ಅನ್ನೋ ಎರಡು ಪದಕ್ಕೆ ಜನ ಹೆದರ್ಕೋತಾರೆ, ಕಷ್ಟದ್ದೇನಲ್ಲ. ಸೆಟ್‌ಬ್ಯಾಕ್ ಅಂದ್ರೆ ನಾಲ್ಕು ಕಡೆ ಬಿಡೋ ಜಾಗ, ಎಷ್ಟು ಅನ್ನೋದು ಸೈಟಿನ ಅಳತೆ ಮೇಲೆ ಹೋಗುತ್ತೆ. ಎಫ್‌ಎಆರ್ ಅಂದ್ರೆ ಎಲ್ಲ ಮಹಡಿ ಸೇರಿಸಿ ಎಷ್ಟು ಕಟ್ಟಬಹುದು ಅನ್ನೋ ಲೆಕ್ಕ. ನಿಮ್ಮ ಜಾಗಕ್ಕೆ 1.75 ಅಂತ ಇದೆ ಅಂದ್ಕೊಳ್ಳಿ, 1200 ಚದರಡಿ ಸೈಟಿಗೆ ಒಟ್ಟು 2100 ಚದರಡಿ ಆಯ್ತು, ಒಂದೊಂದು ಮಹಡಿ 900 ಅಂದ್ರೆ ಎರಡು ಮಹಡಿಗೆ 1800, ಸರಿಹೋಯ್ತು, ಮೂರನೇದು ಪೂರ್ತಿ ಎಬ್ಬಿಸಿದ್ರೆ 2700, ಲೆಕ್ಕ ತಪ್ಪಿತು. ಬಾಡಿಗೆ ಆಸೆಗೆ ಮೂರನೇ ಮಹಡಿ ಮನಸಲ್ಲಿಟ್ಕೊಂಡು ಸಾಲ ಮಾಡೋರು ಈ ಗುಣಾಕಾರ ಮೊದಲೇ ಮಾಡ್ಕೊಳ್ಳಿ. ಕೆಳಗಡೆ ಅಂಗಡಿ ಮಳಿಗೆ ಹಾಕೋ ಯೋಚನೆ ಇದ್ರೆ ವಸತಿ ಝೋನಲ್ಲಿ ಎಂಥ ಅಂಗಡಿ, ಎಷ್ಟು ಅಗಲದ ರಸ್ತೆಗೆ ಬಿಡ್ತಾರೆ ಅಂತ ಅದನ್ನೂ ಪ್ಲಾನ್ ಹಾಕ್ಸೋ ಮುಂಚೇನೇ ಕೇಳ್ಬೇಕು.

ಟೇಪ್ ಹಿಡಿದು ಸೈಟನ್ನ ನೀವೇ ಅಳೀರಿ, ಕ್ರಯಪತ್ರದಲ್ಲಿ 30 ಇದ್ದು ನೆಲದ ಮೇಲೆ 29 ಇದ್ರೆ ಆ ಒಂದಡಿ ಆಮೇಲೆ ನಿಮ್ಮ ಸೆಟ್‌ಬ್ಯಾಕಲ್ಲೇ ಹೋಗೋದು. ತಲೆ ಎತ್ತಿ ಕರೆಂಟ್ ಲೈನೂ ನೋಡಿ, 11 ಕೆವಿ ಲೈನಿಗೂ ಗೋಡೆ ಬಾಲ್ಕನಿಗೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಬಿಡ್ಬೇಕು, ಮೇಲೇ ಹಾದುಹೋಗಿದ್ರೆ ಎತ್ತರಕ್ಕೆ 3.7 ಮೀಟರ್. ಇದು ಮಕ್ಕಳು ಓಡಾಡೋ ಮನೆ, ಇದರಲ್ಲಿ ಚೌಕಾಸಿ ಬೇಡ.

ಇನ್ನೊಂದು, ಆಯ, ಅಂದ್ರೆ ಮನೆಯ ಉದ್ದ ಅಗಲ ಶುಭವೋ ಅಂತ ನೋಡೋ ಲೆಕ್ಕ. ಪ್ಲಾನ್ ಸ್ಯಾಂಕ್ಷನ್ ಆದ ಮೇಲೆ ಯಾರೋ ಹಿರಿಯರು ಬಂದು ಆಯ ಕೂಡಲ್ಲ ಅಂತಾರೆ, ಮೇಸ್ತ್ರಿ ಗೋಡೆನ ಆರಿಂಚು ಆಚೆ ತಳ್ತಾನೆ, ಆ ಆರಿಂಚು ಸೆಟ್‌ಬ್ಯಾಕಲ್ಲಿ ಹೋಯ್ತು. ನಿಮ್ಮ ಮನೇಲಿ ಆಯ ವಾಸ್ತು ನೋಡೋ ಪದ್ಧತಿ ಇದ್ರೆ ಡ್ರಾಯಿಂಗ್ ಹಾಕೋ ದಿನಾನೇ ಇಂಜಿನಿಯರ್ ಎದುರಿಗೆ ಕೂತು ಮುಗಿಸ್ಕೊಳ್ಳಿ.

ಲೈಸೆನ್ಸಿಗೆ ಅರ್ಜಿ ಹಾಕೋಕೆ ರಿಜಿಸ್ಟರ್ಡ್ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ಬೇಕು, ಡ್ರಾಯಿಂಗ್ ಅವರೇ ಆನ್‌ಲೈನಲ್ಲಿ ಹಾಕ್ತಾರೆ. ನೀವು ಕ್ರಯಪತ್ರ, ಇಸಿ (ಆಸ್ತಿ ಮೇಲೆ ಸಾಲ, ವ್ಯವಹಾರ ಏನಿದೆ ಅಂತ ತೋರಿಸೋ ಋಣಭಾರ ಪತ್ರ), ಖಾತಾ, ಈ ವರ್ಷದ ಕಂದಾಯ ರಸೀದಿ, ಕನ್ವರ್ಷನ್ ಆರ್ಡರ್, ಲೇಔಟ್ ಪ್ಲಾನ್ ಜೋಡಿಸಿ ಕೊಡಿ. ಇಸಿ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲೇ ಸಿಗುತ್ತೆ. ಕಟ್ಟೋ ಖರ್ಚು ಸರ್ಕಾರ ಇಟ್ಟ ಮಿತಿ ದಾಟಿದ್ರೆ ಲೇಬರ್ ಸೆಸ್ (ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಹೋಗೋ ದುಡ್ಡು) ಕಟ್ಬೇಕು, ಈಗಿನ ಮಿತಿ ವಿಚಾರಿಸಿ ಅದಕ್ಕೆ ದುಡ್ಡು ತೆಗೆದಿಟ್ಟಿರಿ. ಸಕಾಲ (ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಕೊಡ್ಬೇಕು ಅನ್ನೋ ವ್ಯವಸ್ಥೆ) ಸ್ವೀಕೃತಿ ತಪ್ಪದೇ ಇಸ್ಕೊಳ್ಳಿ, 15 ಅಂಕಿಯ ನಂಬರ್ ಇರುತ್ತೆ, ತಡ ಆದ್ರೆ ಅದನ್ನ ಹಿಡ್ಕೊಂಡೇ ಕೇಳೋದು.

ಈಗ ಕಟ್ಬಿಡಿ, ಅಕ್ರಮ ಸಕ್ರಮದಲ್ಲಿ ಮಾಡಿಸೋಣ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಕೇಳಬೇಡಿ. ನಿಯಮ ಮೀರಿ ಕಟ್ಟಿದ್ದನ್ನ ದಂಡ ಕಟ್ಟಿಸ್ಕೊಂಡು ಸರಿ ಮಾಡಿಕೊಡೋ ಆ ಸ್ಕೀಮಿಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ಅದೇ ಕೋರ್ಟು 2024ರ ಡಿಸೆಂಬರಲ್ಲಿ, ಕಟ್ಟಡ ಪ್ಲಾನ್ ಪ್ರಕಾರ ಮುಗಿದಿದೆ ಅನ್ನೋ ಸರ್ಟಿಫಿಕೇಟ್ ನೋಡಿಯೇ ಕರೆಂಟು, ನೀರು ಕೊಡಬೇಕು ಅಂತ ಹೇಳಿದೆ. ಹಾಗಾಗಿ ನಿಮ್ಮ ಅಳತೆಯ ಮನೆಗೆ ಪರ್ಮನೆಂಟ್ ಮೀಟರಿಗೆ ಏನೇನು ಕೇಳ್ತಾರೆ ಅಂತ ಬೆಸ್ಕಾಂ ಸಬ್ ಡಿವಿಷನಲ್ಲಿ ಪಾಯ ತೋಡೋ ಮುಂಚೇನೇ ವಿಚಾರಿಸಿ, ಗೃಹಪ್ರವೇಶದ ಕಾರ್ಡ್ ಪ್ರಿಂಟ್ ಆದ ಮೇಲಲ್ಲ.

ಸ್ಯಾಂಕ್ಷನ್ ಆದ ಪ್ಲಾನು ಮೂರು ಜೆರಾಕ್ಸ್ ಮಾಡ್ಸಿ, ಒಂದನ್ನ ಲ್ಯಾಮಿನೇಟ್ ಮಾಡ್ಸಿ ಸೈಟಲ್ಲಿ ಮೇಸ್ತ್ರಿ ಕೈಲಿ ಕೊಡಿ, ಪಾಯದ ಮಾರ್ಕಿಂಗ್ ಹಾಕೋ ದಿನ ಇಂಜಿನಿಯರ್‌ನ ಕರೆಸಿ ನಾಲ್ಕು ಕಡೆ ಅಳತೆ ಅವರ ಎದುರೇ ಹಿಡಿಸಿ, ಅವತ್ತೇ ಫೋಟೋ ತೆಗೆದಿಟ್ಕೊಳ್ಳಿ.